ಸಿಟ್ಟು ಆರಿದ ಮೇಲೆ

ಶಾಲಾ ಪ್ರವಾಸದ ದಿನಗಳು ಬಂದವೆಂದರೆ ಕಳಸ, ಕುದುರೆಮುಖ, ಮೂಡಿಗೆರೆಯ ಮಕ್ಕಳಿಗೆ ಬೆಂಗಳೂರು, ಮೈಸೂರಿನ ಮನರಂಜನಾ ಪಾರ್ಕುಗಳದೇ ಕನಸು. ಊರ ಜಾತ್ರೆಯಲ್ಲಾದರೆ ತಿರುಗುವ ತೊಟ್ಟಿಲು. ಹೆತ್ತವರು ಕೈಗೆ ದುಡ್ಡಿಟ್ಟು 'ಜೋಪಾನ' ಎಂದು ಹೇಳಿ ಕಳಿಸುತ್ತಾರೆ. ಆದರೆ ಜೋಪಾನದ ಹೊಣೆ ಯಾರದು? ತೊಟ್ಟಿಲಲ್ಲಿ ಕುಳಿತ ಮಗುವಿನದೋ, ಅದನ್ನು ತಿರುಗಿಸುವವರದೋ?

ಇಂಥ ಜಾಗಗಳಲ್ಲಿ ದೊಡ್ಡ ಅವಘಡ ನಡೆದಾಗ ಜನ ನಡೆದುಕೊಳ್ಳುವ ರೀತಿ ಬಹುಮಟ್ಟಿಗೆ ಒಂದೇ. ಮೊದಲು ದಿಗ್ಭ್ರಮೆ, ಬಳಿಕ ಸಿಟ್ಟು. ಆಮೇಲೆ 'ಇವನೇ ಕಾರಣ' ಎಂದು ಬೆರಳು ತೋರಿಸಲು ಒಬ್ಬ ಮನುಷ್ಯ ಬೇಕು. ಕೊನೆಗೆ 'ಎಲ್ಲ ಹಣೆಬರಹ' ಎಂಬ ನಿಟ್ಟುಸಿರು. ಅದರ ಹಿಂದೆಯೇ ಮರೆವು.

1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. ಬೆಂಕಿ, ಕಾಲ್ತುಳಿತಗಳಿಗೆ ಸಿಕ್ಕಿ 92 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಆಟ ನೋಡಲು ಹೋಗಿದ್ದ ಮಕ್ಕಳು. ಅಂದು ನಾಡೇ ಮರುಗಿತು. ಇಂದಿನ ವಿದ್ಯಾರ್ಥಿಗಳಲ್ಲಿ ಆ ಹೆಸರು ಕೇಳಿದವರೇ ವಿರಳ.

2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿಯ ಪಾರ್ಕಿನಲ್ಲಿ ಲೋಲಕದಂತೆ ತೂಗುವ ಯಂತ್ರವೊಂದು ಮುರಿದು, ಜನ ಕುಳಿತಿದ್ದಂತೆಯೇ ನೆಲಕ್ಕೆ ಬಿತ್ತು. ಇಬ್ಬರು ಸತ್ತರು, ಹಲವರು ಗಾಯಗೊಂಡರು. ಬಂಧನಗಳಾದವು, ತಪಾಸಣೆಯ ಆದೇಶಗಳು ಹೊರಟವು. ಐದು ವರ್ಷ ತುಂಬುವ ಮೊದಲೇ, 2024ರ ಮೇ 25ರಂದು, ಅದೇ ಗುಜರಾತಿನ ರಾಜ್‌ಕೋಟ್‌ನಲ್ಲಿ ಆಟದ ಕೇಂದ್ರವೊಂದು ಹೊತ್ತಿ ಉರಿದು, ಮಕ್ಕಳೂ ಸೇರಿ 27 ಮಂದಿ ಬಲಿಯಾದರು. ಅದಕ್ಕೆ ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಪತ್ರವೇ ಇರಲಿಲ್ಲ. ಇದು ಮೇಲ್ನೋಟಕ್ಕೇ ಮನುಷ್ಯ ನಿರ್ಮಿತ ದುರಂತವೆಂದು ಹೈಕೋರ್ಟ್ ಹೇಳಿತು. ಹಣೆಬರಹದ ಮಾತಿಗೆ ಇದಕ್ಕಿಂತ ನೇರ ಉತ್ತರ ಬೇಕೆ?

ವಿಜ್ಞಾನವೂ ಹೇಳುವುದು ಅದನ್ನೇ. ತೂಗುವ ತೊಟ್ಟಿಲು ನೆಲಕ್ಕೆ ಸಮಾನಾಂತರವಾಗುವಷ್ಟು ಏರಿ ಕೆಳಗಿಳಿಯಿತೆನ್ನಿ. ತಳದಲ್ಲಿ ಅದು ಮಗುವಿನ ತೂಕದ ಸುಮಾರು ಮೂರು ಪಟ್ಟು ಬಲವನ್ನು ತಡೆಯಬೇಕು. 30 ಕಿಲೋ ತೂಗುವ ಬಾಲಕ ಆ ಗಳಿಗೆಯಲ್ಲಿ 90 ಕಿಲೋ ಭಾರದಂತೆ ಆಸನವನ್ನು ಒತ್ತುತ್ತಾನೆ. ಈ ಎಳೆತ ದಿನಕ್ಕೆ ನೂರಾರು ಸಲ. ತೋಟದ ಬೇಲಿಯ ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಲೇ ಇದ್ದರೆ ತಟ್ಟನೆ ತುಂಡಾಗುವುದಿಲ್ಲವೇ? ಲೋಹಕ್ಕೂ ದಣಿವುಂಟು. ಮೊದಲು ಕೂದಲೆಳೆಯಂಥ ಬಿರುಕು, ಅದು ಬೆಳೆದು ಬೆಳೆದು ಒಂದು ದಿನ ಮುರಿತ. ಹೊಸ ಬಣ್ಣ ಬಳಿದರೆ ಬಿರುಕು ಮುಚ್ಚೀತೇ ಹೊರತು ಮಾಯವಾಗದು. ತಿಳಿದವರು ಪರೀಕ್ಷಿಸಿದರೆ ಮಾತ್ರ ಅದು ಸಿಕ್ಕುತ್ತದೆ.

ಒಬ್ಬನ ತಲೆಗೆ ಕಟ್ಟುವುದೂ ಪರಿಹಾರವಲ್ಲ. 2015ರ ಜೂನ್ 2ರಂದು ಇಂಗ್ಲೆಂಡಿನ ಆಲ್ಟನ್ ಟವರ್ಸ್ ಪಾರ್ಕಿನಲ್ಲಿ 16 ಜನರಿದ್ದ ಬಂಡಿ, ಹಳಿಯ ಮೇಲೆ ನಿಂತಿದ್ದ ಖಾಲಿ ಬಂಡಿಗೆ ಗುದ್ದಿತು. ಇಬ್ಬರು ತರುಣಿಯರು ಕಾಲು ಕಳೆದುಕೊಂಡರು. ಯಂತ್ರ ತಾನಾಗಿಯೇ ಬಂಡಿಯನ್ನು ತಡೆದಿತ್ತು. ಸಿಬ್ಬಂದಿ ಆ ತಡೆಯನ್ನು ಮೀರಿ ಅದನ್ನು ಬಿಟ್ಟಿದ್ದರು. ಕೆಲಸಗಾರರ ತಪ್ಪೆಂದು ಕಂಪನಿ ಹೇಳಿತು. 2016ರಲ್ಲಿ ನ್ಯಾಯಾಲಯ ಅದನ್ನು ಒಪ್ಪದೆ, ಸುರಕ್ಷತೆಯ ಕ್ರಮವನ್ನೇ ಸರಿಯಾಗಿ ರೂಪಿಸದಿದ್ದುದು ಕಂಪನಿಯ ತಪ್ಪೆಂದು 50 ಲಕ್ಷ ಪೌಂಡ್ ದಂಡ ಹಾಕಿತು. ಗುಂಡಿ ಒತ್ತಿದ ಹುಡುಗನನ್ನು ಹಿಡಿದು ಬೈದರೆ ನಮ್ಮ ಸಿಟ್ಟು ಆರೀತು. ತರಬೇತಿ ಕೊಡದೆ ಅವನನ್ನು ನಿಲ್ಲಿಸಿದವರು ಹಾಗೆಯೇ ಉಳಿಯುತ್ತಾರೆ.

ಕುದುರೆಮುಖದವರಿಗೆ ಇದು ಹೊಸ ಪಾಠವಲ್ಲ. ಅಲ್ಲಿನ ಕಬ್ಬಿಣದ ಅದಿರಿನ ಗಣಿ 2005ರ ಕೊನೆಗೆ ನಿಂತಿತು. ಗಣಿಯ ಯಂತ್ರಗಳನ್ನು ಅರ್ಹರು ಪರೀಕ್ಷಿಸಿ ಪುಸ್ತಕದಲ್ಲಿ ಬರೆದಿಡಬೇಕೆಂಬುದು ಕಾನೂನು. ಅದಿರು ಎತ್ತುವ ಯಂತ್ರಕ್ಕೆ ಬೇಕಾದ ಆ ಪುಸ್ತಕ ಮಕ್ಕಳನ್ನು ಎತ್ತುವ ಯಂತ್ರಕ್ಕೆ ಬೇಡವೇ?

ಆದ್ದರಿಂದ ಪ್ರವಾಸಕ್ಕೆ ಒಪ್ಪಿಗೆಯ ಸಹಿ ಹಾಕುವ ಮುನ್ನ ಪೋಷಕರು ನಾಲ್ಕು ಮಾತು ಕೇಳಲಿ. ಯಂತ್ರವನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ? ಪರೀಕ್ಷಿಸಿದವರು ಯಾರು? ನಡೆಸುವವನಿಗೆ ತರಬೇತಿ ಆಗಿದೆಯೇ? ಬೆಂಕಿ ಬಿದ್ದರೆ ಹೊರಬರುವ ದಾರಿ ಎಲ್ಲಿ? ಜಾತ್ರೆಯ ತೊಟ್ಟಿಲಾದರೆ ಪಂಚಾಯಿತಿಯನ್ನೇ ಕೇಳಬಹುದು. ಉತ್ತರ ಸಿಗದಿದ್ದರೆ ಹತ್ತದಿರುವುದೇ ಲೇಸು.

ವಿದ್ಯಾರ್ಥಿಗಳಿಗೂ ಒಂದು ಮಾತು. ಎದೆಯ ಮೇಲಿನ ಪಟ್ಟಿ ಸಡಿಲವಿದ್ದರೆ ಯಂತ್ರ ಹೊರಡುವ ಮೊದಲೇ ಕೂಗಿ ಹೇಳಿ, ಇಳಿದುಬಿಡಿ. ಹಾಗೆ ಇಳಿದು ಬಂದ ಗೆಳೆಯನನ್ನು ಯಾರೂ ಪುಕ್ಕಲ ಎಂದು ಆಡಿಕೊಳ್ಳಬೇಡಿ. ಅವನು ಸಿಟ್ಟು ಬರುವುದಕ್ಕೆ ಮೊದಲೇ ಯೋಚಿಸಿದವನು.