ಚಳಿಗಾಲ ಗೆದ್ದ ಬಳ್ಳಿಗೆ ವಸಂತದ ಭಯ

ಕಿವಿ ಎಂದರೆ ಇಲ್ಲಿ ಕೇಳುವ ಕಿವಿಯಲ್ಲ. ಪೇಟೆಯ ಹಣ್ಣಿನಂಗಡಿಗಳಲ್ಲಿ ಈಗ ಮಾಮೂಲಾಗಿ ಸಿಗುವ, ಕಂದು ರೋಮದ ಸಿಪ್ಪೆಯ, ಹಸಿರು ತಿರುಳಿನ ಹಣ್ಣು. ಇದಕ್ಕೊಂದು ಹತ್ತಿರದ ಸಂಬಂಧಿ ಉಂಟು. ಅದರ ಗಾತ್ರ ದೊಡ್ಡ ದ್ರಾಕ್ಷಿಯಷ್ಟೇ. ಸಿಪ್ಪೆ ನುಣುಪು, ಸುಲಿಯದೆ ಇಡಿಯಾಗಿ ಬಾಯಿಗೆ ಹಾಕಿಕೊಳ್ಳಬಹುದು. ಸಸ್ಯಶಾಸ್ತ್ರಜ್ಞರು ಇದನ್ನು ಆಕ್ಟಿನಿಡಿಯಾ ಆರ್ಗುಟಾ ಎನ್ನುತ್ತಾರೆ. ಬೆಳೆಗಾರರ ಬಾಯಲ್ಲಿ ಇದು ‘ಹಾರ್ಡಿ ಕಿವಿ’, ಅಂದರೆ ಗಟ್ಟಿಜೀವದ ಕಿವಿ.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಜಪಾನ್, ಕೊರಿಯಾ, ಉತ್ತರ ಚೀನಾ ಮತ್ತು ರಷ್ಯಾದ ಪೂರ್ವ ತುದಿಯ ಕಾಡುಗಳು ಇದರ ತವರು. ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದರೂ ಬಲಿತ ಬಳ್ಳಿ ಬದುಕಿ ಉಳಿಯುತ್ತದೆ. ಆದರೆ ವಸಂತದಲ್ಲಿ ಚಿಗುರೊಡೆದ ಇದೇ ಬಳ್ಳಿಗೆ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗಿನ ಚಳಿಯೂ ಮಾರಕ. ಬೆಳಗಾಗುವಷ್ಟರಲ್ಲಿ ಎಳೆಚಿಗುರು ಬೆಂದಂತೆ ಕಪ್ಪಾಗಿ ಜೋತುಬೀಳುತ್ತದೆ. ಹೂವು ಬರುವುದು ಹೊಸ ಚಿಗುರಿನಲ್ಲೇ. ಹಾಗಾಗಿ ಒಂದೇ ರಾತ್ರಿಯಲ್ಲಿ ಆ ವರ್ಷದ ಫಸಲು ಕೈತಪ್ಪಬಹುದು.

ಈ ವಿಚಿತ್ರಕ್ಕೆ ಕಾರಣವೇನು? ಚಳಿಗಾಲದಲ್ಲಿ ಎಲೆ ಉದುರಿಸಿದ ಬಳ್ಳಿ ಸುಪ್ತಾವಸ್ಥೆಯಲ್ಲಿರುತ್ತದೆ. ಆಗ ಅದರ ಜೀವಕೋಶಗಳಲ್ಲಿ ನೀರಿನ ಅಂಶ ತಗ್ಗಿ, ಸಕ್ಕರೆಯ ಅಂಶ ಹೆಚ್ಚಿರುತ್ತದೆ. ಮಂಜುಗಡ್ಡೆ ಕಟ್ಟಿದರೂ ಅದು ಕೋಶಗಳ ಹೊರಗೆ ಕಟ್ಟುತ್ತದೆ. ವಸಂತದ ಚಿಗುರಿನಲ್ಲಾದರೋ ಬರೀ ನೀರು. ಅದು ಹೆಪ್ಪುಗಟ್ಟಿದರೆ ಕೋಶಗಳೇ ಒಡೆದುಹೋಗುತ್ತವೆ.

ತಂಪು ನಾಡಿನ ಬೆಳೆಗಾರರು ಇದಕ್ಕೊಂದು ಉಪಾಯ ಮಾಡುತ್ತಾರೆ. ಕೊರೆವ ರಾತ್ರಿಯಲ್ಲಿ ತುಂತುರು ಕೊಳವೆಗಳಿಂದ ಬಳ್ಳಿಗಳ ಮೇಲೆ ನೀರು ಚಿಮುಕಿಸುತ್ತಾರೆ! ಚಳಿಗೆ ನಡುಗುವವನಿಗೆ ತಣ್ಣೀರು ಸುರಿದಂತಾಯಿತಲ್ಲ ಎನ್ನಿಸಬಹುದು. ಆದರೆ ಶಾಲೆಯಲ್ಲಿ ಕಲಿತ ಗುಪ್ತೋಷ್ಣದ ಪಾಠ ಇಲ್ಲಿ ನೆರವಿಗೆ ಬರುತ್ತದೆ. ಒಂದು ಗ್ರಾಂ ನೀರು ಮಂಜುಗಡ್ಡೆಯಾಗುವಾಗ ಸುಮಾರು 80 ಕ್ಯಾಲೊರಿ ಶಾಖವನ್ನು ಹೊರಬಿಡುತ್ತದೆ. ನೀರು ಬೀಳುತ್ತಾ, ಹೆಪ್ಪುಗಟ್ಟುತ್ತಾ ಇರುವವರೆಗೆ ಚಿಗುರಿನ ಉಷ್ಣತೆ ಸೊನ್ನೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನಡುರಾತ್ರಿ ನೀರು ನಿಂತರೆ ಮಾತ್ರ ಕೇಡು. ಆಗ ಆವಿಯಾಗುವ ನೀರು ಚಿಗುರಿನ ಶಾಖವನ್ನೇ ಹೀರಿಕೊಳ್ಳುತ್ತದೆ. ಬಿಸಿಲೇರಿ ಮಂಜು ಕರಗುವ ತನಕ ಬೆಳೆಗಾರನಿಗೆ ನಿದ್ದೆಯಿಲ್ಲ.

ಈ ಬೆಳೆಗೆ ತಾಳ್ಮೆಯೂ ಬೇಕು. ಪಪ್ಪಾಯಿಯಂತೆ ಇದರಲ್ಲೂ ಗಂಡು, ಹೆಣ್ಣು ಬೇರೆ ಬೇರೆ. ಬೀಜದಿಂದ ಬೆಳೆದ ಬಳ್ಳಿ ಯಾವುದೆಂದು ತಿಳಿಯಲು ಅದು ಹೂಬಿಡುವವರೆಗೆ ವರ್ಷಗಟ್ಟಲೆ ಕಾಯಬೇಕು. ಆದ್ದರಿಂದ ಗುರುತಿಸಿದ ಬಳ್ಳಿಯ ಕಡ್ಡಿಯಿಂದ ಎಬ್ಬಿಸಿದ ಸಸಿಯನ್ನೇ ನೆಡುವುದು ವಾಡಿಕೆ. ಆರೇಳು ಹೆಣ್ಣು ಬಳ್ಳಿಗಳಿಗೆ ಒಂದು ಗಂಡು ಬಳ್ಳಿ ಸಾಕು. ಹಬ್ಬಲು ಗಟ್ಟಿ ಚಪ್ಪರ ಬೇಕು. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ವಿಜಯಪುರದ ಕಡೆಯ ದ್ರಾಕ್ಷಿ ಬೆಳೆಗಾರರು ‘ಚಾಟನಿ’ ಎನ್ನುವ ಸವರುವ ಕೆಲಸ ಇಲ್ಲಿಯೂ ಪ್ರತಿವರ್ಷ ನಡೆಯಬೇಕು. ಇಷ್ಟಾದ ಮೇಲೆ ಮೂರರಿಂದ ಐದು ವರ್ಷಕ್ಕೆ ಮೊದಲ ಹಣ್ಣು ಕಾಣಬಹುದು. ಅಮೆರಿಕದ ಆರೆಗಾನ್ ರಾಜ್ಯದ ತೋಟಗಳಲ್ಲಿ ‘ಅನಾನಸ್ನಾಯಾ’ ಎಂಬ ತಳಿ ಹೆಸರುವಾಸಿ. ರಷ್ಯನ್ ಭಾಷೆಯ ಈ ಪದದ ಅರ್ಥ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ: ಅನಾನಸಿನಂಥದ್ದು!

ಹಾಗಾದರೆ ಚಳಿಯಿಲ್ಲದ ಊರಲ್ಲಿ ಕಿವಿ ಬೆಳೆಯುವುದು ಸುಲಭವೇ? ಅದೂ ಇಲ್ಲ. ಭಾರತದಲ್ಲಿ ರೋಮದ ಕಿವಿಯನ್ನು ಮೊದಲು ನೆಟ್ಟದ್ದು ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ, ಅದೂ ಅಲಂಕಾರದ ಬಳ್ಳಿಯಾಗಿ. ಫಸಲಿನ ಆಸೆ ಚಿಗುರಿದ್ದು ಶಿಮ್ಲಾದಲ್ಲಿ. ಅಲ್ಲಿ 1963ರಲ್ಲಿ ತರಿಸಿ ನೆಟ್ಟ ತಳಿಗಳು 1969ರಲ್ಲಿ ಹಣ್ಣು ಬಿಟ್ಟವು. ವಾರಗಟ್ಟಲೆ ಚಳಿಯಲ್ಲಿ ಮಲಗಿ ಎದ್ದರೆ ಮಾತ್ರ ಈ ಬಳ್ಳಿಗಳ ಮೊಗ್ಗು ಸರಿಯಾಗಿ ಅರಳುತ್ತದೆ.

ಕಾಲಕ್ಕೆ ಸರಿಯಾಗಿ ಬಂದ ಚಳಿ ಬಳ್ಳಿಗೆ ಹೂವು ಕೊಡುತ್ತದೆ; ಕಾಲ ತಪ್ಪಿ ಬಂದ ಚಳಿ ಅದನ್ನೇ ಕಸಿದುಕೊಳ್ಳುತ್ತದೆ. ಬೆಳೆಗಾರನು ಥರ್ಮಾಮೀಟರಿನ ಜೊತೆಗೆ ಕ್ಯಾಲೆಂಡರನ್ನೂ ನೋಡುವುದು ಇದಕ್ಕಾಗಿಯೇ.