ಕಾಗದಪತ್ರಕ್ಕೊಂದು ಗೂಡು

ಇತಿಹಾಸ ಓದುವ ಬಿ.ಎ. ವಿದ್ಯಾರ್ಥಿಗೆ ಗಣಕಯಂತ್ರದ ಷೆಲ್ಲಿನ ಗೊಡವೆ ಏತಕ್ಕೆಂದು ಗುರುಗಳೂ ಗೆಳೆಯರೂ ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಪೆಟ್ಟು ತಿಂದವನಿಗೆ ನಾಲ್ಕು ಮಾತು ಹೇಳುವ ಹಕ್ಕುಂಟೆಂದು ನಂಬಿ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದರೂ ಕಾಗದಪತ್ರದ ಶಿಸ್ತು ನಮ್ಮಲ್ಲಿ ಹಳೆಯದು. ಪಹಣಿ, ಪಡಿತರ ಚೀಟಿ, ಸೊಸೈಟಿಯ ರಸೀತಿ, ನನ್ನ ಅಂಕಪಟ್ಟಿ ಎಲ್ಲವೂ ಗೋಡೆಯ ಒಂದೇ ಗೂಡಿನಲ್ಲಿ, ಒಂದೇ ತಗಡಿನ ಪೆಟ್ಟಿಗೆಯಲ್ಲಿ. “ಸಿಕ್ಕಲ್ಲಿ ಇಟ್ಟರ ಬೇಕಾದಾಗ ಸಿಗತಾವೇನೋ ತಮ್ಮಾ?” ಎಂಬುದು ಅವ್ವನ ಶಾಸನ.

ಷೆಲ್ ಎಂದರೆ ನಾವು ಬರೆದ ಆಜ್ಞೆಯನ್ನು ಓದಿ ಯಂತ್ರದಿಂದ ಕೆಲಸ ಮಾಡಿಸುವ ದುಭಾಷಿ. ಎದ್ದೊಡನೆ ಅದು ಯಜಮಾನನ ಇಷ್ಟಾನಿಷ್ಟಗಳನ್ನು ಬರೆದಿಟ್ಟ ಕಡತವನ್ನು ಹುಡುಕುತ್ತದೆ. 1989ರಲ್ಲಿ ಹೊರಬಂದ ಬ್ಯಾಶ್ ಎಂಬ ಷೆಲ್ ಲಾಗಿನ್ ವೇಳೆ ‘.ಬ್ಯಾಶ್_ಪ್ರೊಫೈಲ್’ ಕೇಳುತ್ತದೆ, ಇಲ್ಲದಿದ್ದರೆ ‘.ಬ್ಯಾಶ್_ಲಾಗಿನ್’; ಅದೂ ಇಲ್ಲದಿದ್ದರೆ ‘.ಪ್ರೊಫೈಲ್’. ಲಾಗಿನ್ ಇಲ್ಲದೆ ಬರಿಯ ಕಿಟಕಿ ತೆರೆದಾಗ ‘.ಬ್ಯಾಶ್‌ಆರ್‌ಸಿ’. ಇವೆಲ್ಲ ನಮ್ಮ ಕಡತಕೋಶದ ಪಡಸಾಲೆಯಲ್ಲೇ ಚೆಲ್ಲಿಕೊಂಡಿರುತ್ತವೆ. ಹೆಸರಿನ ಮೊದಲಿಗೆ ಚುಕ್ಕೆಯಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಈ ಅಡಗುವ ಗುಣವಾದರೂ ಯಾರೋ ಆಲೋಚಿಸಿ ಕೊಟ್ಟದ್ದಲ್ಲ. ಯುನಿಕ್ಸಿನ ಹಳೆಯ ಪಟ್ಟಿ ಆಜ್ಞೆಯಲ್ಲಿ ಮಾಡಿದ ಒಂದು ಅಡ್ಡದಾರಿಯಿಂದ ಅದು ಹುಟ್ಟಿತೆಂದು ರಾಬ್ ಪೈಕ್ ಅವರು 2012ರಲ್ಲಿ ಬರೆದರು.

ನನಗೆ ಸ್ವಂತ ಯಂತ್ರವಿಲ್ಲ. ಪೆನ್ ಡ್ರೈವೇ ನನ್ನ ಬುತ್ತಿಗಂಟು. ನಾನು ಕುಳಿತು ಕಲಿಯುತ್ತಿದ್ದ ಯಂತ್ರವನ್ನು ಒಮ್ಮೆ ಅಳಿಸಿ ಹೊಸದಾಗಿ ಸಿದ್ಧಪಡಿಸಬೇಕಾಯಿತು. ನಕ್ಷತ್ರ ಚಿಹ್ನೆ ಹಾಕಿ ಸಕಲವನ್ನೂ ನಕಲು ಮಾಡಿಕೊಂಡೆನೆಂದು ಹಿಗ್ಗಿದೆ. ಆ ಚಿಹ್ನೆ ಚುಕ್ಕೆಯ ಕಡತಗಳನ್ನು ಮುಟ್ಟುವುದಿಲ್ಲವೆಂದು ಆಗ ನಾನರಿಯೆ. ಕನ್ನಡದ ಹೊಂದಿಕೆ, ಟಿಪ್ಪಣಿಗಳನ್ನು ವಿಂಗಡಿಸಲು ಬರೆದುಕೊಂಡ ಚಿಕ್ಕ ಆಜ್ಞೆಗಳು, ತಿಂಗಳುಗಟ್ಟಲೆಯ ದುಡಿಮೆ ಎಲ್ಲವೂ ಹೋದವು. ತಪ್ಪು ನನ್ನದೇ. ಆದರೆ ತಪ್ಪಿಗೆ ಎಡೆಮಾಡಿಕೊಟ್ಟ ಪದ್ಧತಿ ನಿರಪರಾಧಿಯೆ?

ಪರಿಹಾರ ಹೊಸದೇನಲ್ಲ. 2003ರಲ್ಲಿ ಫ್ರೀಡೆಸ್ಕ್‌ಟಾಪ್ ಬಳಗ ಒಂದು ನಿಯಮ ಹೊರಡಿಸಿತು: ಇಂಥ ಕಡತಗಳೆಲ್ಲ ‘.ಕಾನ್ಫಿಗ್’ ಎಂಬ ಒಂದೇ ಕೋಣೆಯಲ್ಲಿರಲಿ. ಫಿಶ್ ಎಂಬ ಷೆಲ್ ಅದನ್ನೇ ಪಾಲಿಸುತ್ತದೆ. ಬ್ಯಾಶ್ ಮಾತ್ರ ತಾನಾಗಿ ಆ ಕೋಣೆಗೆ ಇಣುಕುವುದಿಲ್ಲ. ಇಣುಕಬೇಕೆಂಬುದೇ ನನ್ನ ವಾದ.

ಆಕ್ಷೇಪಗಳಿವೆ. ಕೋಣೆಯ ವಿಳಾಸವನ್ನು ಷೆಲ್ಲಿಗೆ ಪರಿಸರದ ಚರಾಂಶವೊಂದು ತಿಳಿಸಬೇಕು. ಆ ಚರಾಂಶವನ್ನು ಎಷ್ಟೋ ವೇಳೆ ನಿಗದಿ ಮಾಡುವುದೇ ಷೆಲ್ಲಿನ ಕಡತ. ಹಾಗಾದರೆ ಬೀಜ ಮೊದಲೋ, ಮರ ಮೊದಲೋ? ಉತ್ತರ ನಿಯಮದಲ್ಲೇ ಇದೆ: ಯಾರೂ ಏನೂ ಹೇಳದಿದ್ದರೆ ‘.ಕಾನ್ಫಿಗ್’ ಎಂದೇ ತಿಳಿಯತಕ್ಕದ್ದು. ಹಳೆಯ ಕಡತಗಳ ಗತಿಯೇನೆಂದು ಎರಡನೆಯವರು ಕೇಳಬಹುದು. ಮೂರು ಹೆಸರುಗಳನ್ನು ಸರದಿಯಂತೆ ಹುಡುಕಿ, ಮೊದಲು ಸಿಕ್ಕಿದ್ದನ್ನು ಓದುವ ಬ್ಯಾಶ್‌ಗೆ ನಾಲ್ಕನೆಯದೊಂದು ಹೊರೆಯಾಗಲಾರದು. ಹೊಸ ಜಾಗದಲ್ಲಿ ಇಲ್ಲದಿದ್ದರೆ ಹಳೆಯ ಜಾಗದಲ್ಲಿ ನೋಡಲಿ. ‘.ಕಾನ್ಫಿಗ್’ಗೂ ಚುಕ್ಕೆಯಿದೆಯಲ್ಲ ಎಂಬುದು ನಿಜ. ನನ್ನ ನಕ್ಷತ್ರ ಅದನ್ನೂ ಬಿಟ್ಟೇ ಬರುತ್ತಿತ್ತು. ಆದರೆ ಇಪ್ಪತ್ತು ಹೆಸರು ನೆನಪಿಡುವುದಕ್ಕಿಂತ ಒಂದನ್ನು ನೆನಪಿಡುವುದು ಸುಲಭವಲ್ಲವೆ? ಸ್ವಂತ ಯಂತ್ರವುಳ್ಳವರಿಗೆ ಇದು ಅಚ್ಚುಕಟ್ಟಿನ ಪ್ರಶ್ನೆ. ಊರಿಂದೂರಿಗೆ, ಯಂತ್ರದಿಂದ ಯಂತ್ರಕ್ಕೆ ಗಂಟು ಹೊತ್ತು ತಿರುಗುವ ನಮ್ಮಂಥವರಿಗೆ ದುಡಿಮೆ ಉಳಿಯುವ ಪ್ರಶ್ನೆ.

ನಮ್ಮ ತೆಕ್ಕಲಕೋಟೆಯ ಗುಡ್ಡದ ಮೇಲೆ 1963-64ರಲ್ಲಿ ಎಂ. ಎಸ್. ನಾಗರಾಜರಾಯರು ಉತ್ಖನನ ನಡೆಸಿ ನವಶಿಲಾಯುಗದ ಜನವಸತಿಯನ್ನು ಬೆಳಕಿಗೆ ತಂದರು. ವಸ್ತು ಯಾವುದೆಂಬುದರಷ್ಟೇ ಅದು ಎಲ್ಲಿತ್ತೆಂಬುದೂ ಮುಖ್ಯವೆಂದು ನಮ್ಮ ಗುರುಗಳು ಕಲಿಸಿದ್ದಾರೆ. ನಾನೀಗ ನನ್ನ ಕಡತಗಳನ್ನೆಲ್ಲ ‘.ಕಾನ್ಫಿಗ್’ನಲ್ಲಿಟ್ಟು, ಅಲ್ಲಿಗೆ ದಾರಿ ತೋರುವ ಒಂದೇ ಸಾಲನ್ನು ‘.ಬ್ಯಾಶ್‌ಆರ್‌ಸಿ’ಯಲ್ಲಿ ಬರೆದಿದ್ದೇನೆ. ಆ ಒಂದು ಸಾಲೂ ಬೇಕಾಗದ ದಿನ ಬರಲಿ.