ಮೇಜಿನ ಕೆಳಗೇ ಜಾಗ

ಕೊಯಮತ್ತೂರಿಗೆ ಭೂಕಂಪದ ಭಯವಿಲ್ಲ, ನೆಲ ನಡುಗಿದರೆ ಹೊರಗೋಡಿದರಾಯಿತು ಎಂಬ ಅಭಿಪ್ರಾಯ ಅಚ್ಚಾಗಿದೆ. ಎರಡೂ ತಪ್ಪು.

1900ರ ಫೆಬ್ರುವರಿ 8ರಂದು ಇಲ್ಲೇ ಸುಮಾರು 6ರ ತೀವ್ರತೆಯ ಕಂಪನವಾಗಿತ್ತು. 2002ರ ಭೂಕಂಪ ವಲಯ ನಕ್ಷೆ ಈ ಊರನ್ನು ಮಧ್ಯಮ ಅಪಾಯದ ಮೂರನೇ ವಲಯದಲ್ಲಿಟ್ಟಿತು. ವಲಯ ಕೆಳಗಿನದಾದರೂ ನಿಶ್ಚಿಂತರಾಗುವಂತಿಲ್ಲ: ಮಹಾರಾಷ್ಟ್ರದ ಲಾತೂರು ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. ಆದರೂ 1993ರ ಭೂಕಂಪದಲ್ಲಿ ಅಲ್ಲಿ ಸಾವಿರಾರು ಜನ ಸತ್ತರು.

ಇನ್ನು ಓಡುವ ಮಾತು. ಪಕ್ಕದ ತಿರುಪ್ಪೂರಿನ ಬನಿಯನ್ ಕಾರ್ಖಾನೆಯ ಮೂರನೇ ಮಹಡಿಯನ್ನು ನೆನೆಯಿರಿ: ಸಾಲು ಹೊಲಿಗೆ ಯಂತ್ರ, ಆಳೆತ್ತರದ ಬಟ್ಟೆ ಸುರುಳಿ, ಇಕ್ಕಟ್ಟಾದ ಒಂದೇ ಮೆಟ್ಟಿಲು. ಅಲ್ಲಿ ನೂರು ಜನ ಒಟ್ಟಿಗೆ ನುಗ್ಗಿದರೆ ಕಾಲ್ತುಳಿತ ಖಂಡಿತ. ಗಟ್ಟಿಯಾದ ಕಟಿಂಗ್ ಮೇಜಿನ ಕೆಳಗೆ ಕುಕ್ಕರಿಸಿ, ತಲೆ ಮುಚ್ಚಿ, ಅದರ ಕಾಲು ಹಿಡಿದಿರಬೇಕು.

ನಡುಕ ನಿಂತ ಮೇಲೆ ಮೇನ್ ಸ್ವಿಚ್, ಬಾಯ್ಲರ್ ಆರಿಸಿ, ಲಿಫ್ಟ್ ಬಿಟ್ಟು ಮೆಟ್ಟಿಲಿಳಿದು, ಬಯಲಲ್ಲಿ ಹಾಜರಿ ಕೂಗಬೇಕು. ಮರುಕಂಪನ ಬರಬಹುದು. ಗೋಡೆ, ಕಂಬ ಪರೀಕ್ಷಿಸುವ ಮುನ್ನ ಯಾರನ್ನೂ ಪಾಳಿಗೆ ಕರೆಯಕೂಡದು, ರಫ್ತಿನ ಗಡುವು ಎಷ್ಟೇ ಹತ್ತಿರವಿರಲಿ.